ಘಟ್ಟದ ಮರ, ಕಡಲಿನ ಗಾಳ

ಶಿರಸಿ, ಸಿದ್ದಾಪುರ, ಯಲ್ಲಾಪುರ – ಉತ್ತರ ಕನ್ನಡ ಜಿಲ್ಲೆಯ ಈ ಮೂರು ತಾಲ್ಲೂಕುಗಳಿಗೆ ಸಮುದ್ರವಿಲ್ಲ. ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಗದ್ದೆ ಮತ್ತು ದಟ್ಟ ಕಾಡಿನ ನಾಡು ಅದು. ಆದರೆ ಶಿರಸಿಯಿಂದ ದೇವಿಮನೆ ಘಟ್ಟ ಇಳಿದರೆ ಕುಮಟೆ, ಯಲ್ಲಾಪುರದಿಂದ ಅರಬೈಲು ಘಟ್ಟ ಇಳಿದರೆ ಅಂಕೋಲೆ. ಸಿದ್ದಾಪುರದಿಂದ ದೊಡ್ಮನೆ ಘಟ್ಟ ಇಳಿದರೂ ಸಿಗುವುದು ಕುಮಟೆಯ ಕರಾವಳಿಯೇ. ರಜೆಯ ದಿನ ನಾಲ್ಕಾರು ಗೆಳೆಯರು ಕೂಡಿ, ಗಾಳದ ಕೋಲುಗಳನ್ನು ಕಾರಿನಲ್ಲಿಟ್ಟುಕೊಂಡು ಘಟ್ಟ ಇಳಿದು, ಸಣ್ಣ ಖಾಸಗಿ ದೋಣಿಯೊಂದರಲ್ಲಿ ಕಡಲಿಗೆ ಹೋಗುವ ಹವ್ಯಾಸ ಈಗ ಬೆಳೆಯುತ್ತಿದೆ. ನಿಮ್ಮಲ್ಲಿ ಕೆಲವರು ಹಾಗೆ ಹೋಗಿ ಬಂದಿರಲೂಬಹುದು.

ಘಟ್ಟದ ಮೇಲಿನವರಿಗೆ ಕಡಲಿನಲ್ಲೇನು ಕೆಲಸ ಎಂದು ಯಾರಾದರೂ ಕೇಳಬಹುದು. ಉತ್ತರ ಚರಿತ್ರೆಯಲ್ಲಿದೆ. ಕರಾವಳಿಯ ಸಣ್ಣ ದೋಣಿಗೆ ಬೇಕಾದ ಮರ ಇಳಿದು ಬಂದದ್ದು ಘಟ್ಟದ ಕಾಡುಗಳಿಂದ. ಆ ದೋಣಿ ದಾಟುವ ಅಳಿವೆಗೆ ನೀರು ಹರಿದು ಬರುವುದೂ ಅಲ್ಲಿಂದಲೇ. ಆದರೆ ಮರದ ಜತೆಗೆ ಕೆಳಗೆ ಬೆಳೆದ ಇನ್ನೊಂದು ವಸ್ತು ಮೇಲಕ್ಕೆ ಹೋಗಲಿಲ್ಲ. ಅದು ಸಣ್ಣ ದೋಣಿಯ ಶಿಸ್ತು: ಯಾವಾಗ ಹೊರಡಬೇಕು, ಎಷ್ಟು ಜನ ಹತ್ತಬೇಕು, ಯಾವಾಗ ಹಿಂದಿರುಗಬೇಕು ಎಂಬ ತಿಳಿವಳಿಕೆ. ಹವ್ಯಾಸಕ್ಕಾಗಿ ಕಡಲಿಗೆ ಹೋಗುವವರಿಗೆ ಗಾಳಕ್ಕಿಂತ ಮೊದಲು ಬೇಕಾದದ್ದು ಇದು. ಇದರ ಹಿಂದಿರುವ ಚರಿತ್ರೆಯನ್ನೂ ವಿಜ್ಞಾನವನ್ನೂ ಇಲ್ಲಿ ನೋಡೋಣ.

ಕಾಡಿನಿಂದ ಇಳಿದ ದೋಣಿ

ಕರಾವಳಿಯ ಅತ್ಯಂತ ಹಳೆಯ ಬಗೆಯ ದೋಣಿ ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ್ದು. ಮಾವು, ಹೆಬ್ಬಲಸು ಇದಕ್ಕೆ ಒದಗುವ ಮರಗಳು. ಮಾವಿನ ದಿಮ್ಮಿ ದಪ್ಪವಾಗಿದ್ದು ಬಾಚಿಗೆ ಸುಲಭವಾಗಿ ಬಗ್ಗುತ್ತದೆ. ಹೆಬ್ಬಲಸು ನೀರಿನಲ್ಲಿ ಹೆಚ್ಚು ಕಾಲ ಬಾಳುತ್ತದೆ. ಹಾಯಿಯ ಕಂಬಕ್ಕೆ ನೆಟ್ಟಗೆ, ಎತ್ತರಕ್ಕೆ ಬೆಳೆಯುವ ಸುರಹೊನ್ನೆ ಜಾತಿಯ ಮರಗಳು ಬೇಕಾಗಿದ್ದವು. ಇಂಗ್ಲಿಷರು ಇವನ್ನು ‘ಪೂನ್’ ಎಂದು ಕರೆದು ತಮ್ಮ ಹಡಗುಗಳ ಕಂಬಗಳಿಗೂ ಕೊಂಡೊಯ್ಯುತ್ತಿದ್ದರು. ಜಲ್ಲೆಗೆ, ಅಡ್ಡದಂಡೆಗೆ ಬಿದಿರು ಬೇಕು. ನೈಲಾನ್ ಬರುವ ಮುನ್ನ ಹತ್ತಿ ಮತ್ತು ಸೆಣಬಿನ ಹುರಿಗಳು ಉಪ್ಪುನೀರಿನಲ್ಲಿ ಬೇಗ ಕೊಳೆಯುತ್ತಿದ್ದವು. ಅವುಗಳನ್ನು ಉಳಿಸಲು ಮತ್ತಿ ಮರದ ತೊಗಟೆಯ ಕಷಾಯದಲ್ಲಿ ಅದ್ದುತ್ತಿದ್ದರು. ತೊಗಟೆಯಲ್ಲಿರುವ ಟ್ಯಾನಿನ್ ನಾರಿಗೆ ಅಂಟಿಕೊಂಡು ಸೂಕ್ಷ್ಮಜೀವಿಗಳ ದಾಳಿಯನ್ನು ತಡೆಯುತ್ತದೆ. ಚರ್ಮ ಹದಮಾಡುವಾಗ ನಡೆಯುವ ಕ್ರಿಯೆಯೇ ಇದು. ಹೀಗೆ ದೋಣಿಯ ಒಡಲು, ಕಂಬ, ಜಲ್ಲೆ, ಹುರಿಯ ಬಣ್ಣ ಎಲ್ಲವೂ ಕಾಡಿನ ಉತ್ಪನ್ನಗಳೇ.

ಘಟ್ಟಕ್ಕೂ ಕಡಲಿಗೂ ಇದ್ದ ಸಂಬಂಧ ರಾಜಕೀಯವೂ ಹೌದು. ಶಿರಸಿ ತಾಲ್ಲೂಕಿನ ಸೋಂದೆಯಿಂದ ಆಳುತ್ತಿದ್ದ ಅರಸರು ಕಾಳಿ ನದಿಯ ಮುಖದಲ್ಲಿ ಸದಾಶಿವಗಡದ ಕೋಟೆ ಕಟ್ಟಿಸಿದರು. ಮೆಣಸು ಬೆಳೆಯುವುದು ಮೇಲೆ, ಅದನ್ನು ಕೊಳ್ಳುವ ಹಡಗು ನಿಲ್ಲುವುದು ಕೆಳಗೆ. ಆದ್ದರಿಂದ ಘಟ್ಟದ ಅರಸನಿಗೆ ನದೀಮುಖ ಬೇಕೇ ಬೇಕಾಗಿತ್ತು.

ಬ್ರಿಟಿಷರ ಕಣ್ಣು ಮಸಾಲೆಗಿಂತ ಮರದ ಮೇಲೆ ಬಿತ್ತು. ನೌಕಾಪಡೆಗೆ ತೇಗ ಒದಗಿಸುವ ಸಲುವಾಗಿ 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಮಲಬಾರ್ ಮತ್ತು ಕೆನರಾ ಪ್ರದೇಶಗಳಿಗೆ ಅರಣ್ಯ ಸಂರಕ್ಷಕನಾಗಿ ನೇಮಿಸಲಾಯಿತು. ಭಾರತದಲ್ಲಿ ಅಂಥ ಹುದ್ದೆ ಅದೇ ಮೊದಲು. ತಮ್ಮ ಮರದ ಮೇಲಿನ ಹಕ್ಕು ಕಳೆದುಕೊಂಡ ಜನರ ಮತ್ತು ವ್ಯಾಪಾರಿಗಳ ಅಸಮಾಧಾನ ಹೆಚ್ಚಾಗಿ 1823ರಲ್ಲಿ ಆ ಹುದ್ದೆಯನ್ನು ರದ್ದುಮಾಡಬೇಕಾಯಿತು. ಮುಂದೆ ಅರಣ್ಯ ಕಾನೂನುಗಳು ಬೇರೆ ರೂಪದಲ್ಲಿ ಮರಳಿ ಬಂದವು. ದೋಣಿಗೆ ಒಂದು ಮರ ಕಡಿಯುವುದು ಅಂದಿನಿಂದ ಸರ್ಕಾರದ ಪರವಾನಗಿಯ ವಿಷಯವಾಯಿತು.

ಇಂದು ನೀವು ಕುಮಟೆಗೆ ಇಳಿಯುವ ಹಾದಿಗೂ ಒಂದು ಕಥೆಯಿದೆ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಿತು. ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿತು. ಆ ಹತ್ತಿ ಶಿರಸಿಯ ಮೇಲಿನಿಂದ ಕುಮಟೆ ಬಂದರಿಗೆ ಇಳಿಯುತ್ತಿತ್ತು. ಮಾರುಕಟ್ಟೆಯಲ್ಲಿ ಅದಕ್ಕೆ ಕುಮಟೆಯ ಹೆಸರೇ ಅಂಟಿಕೊಂಡಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲು ಈ ವ್ಯಾಪಾರವೂ ಒಂದು ಕಾರಣ. ಕೆಳಗಿನಿಂದ ಮೇಲಕ್ಕೆ ಸಾಗುತ್ತಿದ್ದ ಸರಕೆಂದರೆ ಉಪ್ಪು, ತೆಂಗು ಮತ್ತು ಒಣಮೀನು.

ಒಂದು ದಿಮ್ಮಿ, ಒಂದು ರೆಕ್ಕೆ

ಕೊರೆದ ದಿಮ್ಮಿಗೆ ಒಂದು ದೊಡ್ಡ ದೋಷವಿದೆ. ಅದರ ಅಗಲ ಮರದ ದಪ್ಪಕ್ಕಿಂತ ಹೆಚ್ಚಾಗಲಾರದು. ಅಗಲ ಕಡಿಮೆಯಾದಷ್ಟೂ ದೋಣಿ ಸುಲಭವಾಗಿ ಹೊರಳುತ್ತದೆ. ಇದಕ್ಕೆ ಕರಾವಳಿಯ ಜನ ಕಂಡುಕೊಂಡ ಪರಿಹಾರ ಉಲ್ಲಂಡಿ. ದೋಣಿಯ ಒಂದು ಪಕ್ಕಕ್ಕೆ ಎರಡು ಅಡ್ಡದಂಡೆಗಳನ್ನು ಚಾಚಿ, ಅವುಗಳ ತುದಿಗೆ ಹಗುರ ಮರದ ತೇಲುದಿಮ್ಮಿಯೊಂದನ್ನು ಕಟ್ಟುವುದು. ದೋಣಿ ಆ ಪಕ್ಕಕ್ಕೆ ವಾಲಿದರೆ ತೇಲುದಿಮ್ಮಿ ನೀರಿನಲ್ಲಿ ಮುಳುಗಿ ಮೇಲಕ್ಕೆ ಒತ್ತುತ್ತದೆ. ಎದುರು ಪಕ್ಕಕ್ಕೆ ವಾಲಿದರೆ ಅದರ ತೂಕ ಕೆಳಕ್ಕೆ ಎಳೆಯುತ್ತದೆ. ದೋಣಿಯಿಂದ ದೂರದಲ್ಲಿರುವುದರಿಂದ ಸಣ್ಣ ಬಲವೂ ಸನ್ನೆಗೋಲಿನಂತೆ ದೊಡ್ಡ ಪರಿಣಾಮ ಮಾಡುತ್ತದೆ.

ಮದರಾಸು ಪ್ರಾಂತ್ಯದ ಮೀನುಗಾರಿಕೆ ಇಲಾಖೆಯ ಮುಖ್ಯಸ್ಥರಾಗಿದ್ದ ಜೇಮ್ಸ್ ಹಾರ್ನೆಲ್ ಅವರು ಭಾರತದ ದೋಣಿಗಳ ವಿನ್ಯಾಸಗಳನ್ನು ಕುರಿತು 1920ರಲ್ಲಿ ಒಂದು ದೀರ್ಘ ಪ್ರಬಂಧ ಪ್ರಕಟಿಸಿದರು. ಪಶ್ಚಿಮ ಕರಾವಳಿಯ ಒಂದೇ ಪಕ್ಕದ ಉಲ್ಲಂಡಿಯನ್ನು ಅವರು ಪೂರ್ವದ ದ್ವೀಪಗಳ ದೋಣಿಗಳ ಜತೆ ಹೋಲಿಸಿದರು. ಇಂಡೋನೇಷ್ಯದಿಂದ ಪೆಸಿಫಿಕ್‌ವರೆಗಿನ ನಾವಿಕರು ಬಳಸಿದ ತತ್ವವೇ ಕುಮಟೆ, ಕಾರವಾರಗಳ ಮೀನುಗಾರರ ಪುಟ್ಟ ದೋಣಿಯಲ್ಲೂ ಇತ್ತು ಎಂಬುದು ಸಣ್ಣ ಸಂಗತಿಯಲ್ಲ.

ಗಾಳಿಯೇ ಗಡಿಯಾರ

ಖಾರ್ವಿ, ಹರಿಕಂತ್ರ, ಮೊಗೇರ, ಅಂಬಿಗ, ಗಾಬಿತ ಮುಂತಾದ ಸಮುದಾಯಗಳು ಈ ಕರಾವಳಿಯ ಮೀನುಗಾರಿಕೆಯನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿವೆ. ಎಂಜಿನ್ ಇಲ್ಲದ ಕಾಲದಲ್ಲಿ ಅವರು ಹೊರಡುತ್ತಿದ್ದದ್ದು ನಸುಕಿಗೂ ಮುಂಚೆ. ಏಕೆ?

ಮಳೆಗಾಲ ಮುಗಿದ ಮೇಲಿನ ತಿಂಗಳುಗಳಲ್ಲಿ ನೆಲ ರಾತ್ರಿ ಬೇಗ ತಣ್ಣಗಾಗುತ್ತದೆ. ಕಡಲು ಹಾಗಲ್ಲ, ನಿಧಾನವಾಗಿ ತಣ್ಣಗಾಗುತ್ತದೆ. ಆಗ ನೆಲದ ಮೇಲಿನ ತಂಪುಗಾಳಿ ಕಡಲಿನ ಕಡೆ ಹರಿಯುತ್ತದೆ. ಸಹ್ಯಾದ್ರಿಯ ಇಳಿಜಾರು ಇದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಶಿರಸಿ, ಯಲ್ಲಾಪುರಗಳ ಕಣಿವೆಗಳಿಂದ ಬೆಳಗಿನ ಜಾವ ಇಳಿದು ಬರುವ ಈ ನೆಲಗಾಳಿ ಹಾಯಿಯನ್ನು ತುಂಬಿ ದೋಣಿಯನ್ನು ಪಡುವಣಕ್ಕೆ ಒಯ್ಯುತ್ತಿತ್ತು. ಬಿಸಿಲೇರಿದ ಮೇಲೆ ನೆಲ ಕಾಯುತ್ತದೆ, ಅದರ ಮೇಲಿನ ಗಾಳಿ ಹಗುರಾಗಿ ಏರುತ್ತದೆ, ಕಡಲಿನಿಂದ ಗಾಳಿ ಬೀಸತೊಡಗುತ್ತದೆ. ಮಧ್ಯಾಹ್ನದ ಆ ಕಡಲಗಾಳಿಯೇ ದೋಣಿಯನ್ನು ಮನೆಗೆ ತರುತ್ತಿತ್ತು.

ಗಮನಿಸಿ: ಈ ಗಾಳಿ ಬರೀ ದೋಣಿ ನಡೆಸುವ ಶಕ್ತಿಯಾಗಿರಲಿಲ್ಲ. ಅದು ಗಡಿಯಾರವೂ ಆಗಿತ್ತು. ನೆಲಗಾಳಿ ತಪ್ಪಿದರೆ ಅಂದಿನ ಪ್ರಯಾಣವಿಲ್ಲ. ಕಡಲಗಾಳಿ ಬಂದ ಮೇಲೂ ಹೊರಗೆ ಉಳಿದರೆ ಅಲೆ ಏರುತ್ತದೆ, ಕತ್ತಲಾಗುತ್ತದೆ. ಹೋಗುವ ಮತ್ತು ಬರುವ ಹೊತ್ತನ್ನು ದೋಣಿಯವನ ಆಸೆ ನಿರ್ಧರಿಸುತ್ತಿರಲಿಲ್ಲ, ಗಾಳಿ ನಿರ್ಧರಿಸುತ್ತಿತ್ತು. ಇದೇ ರೀತಿ ವರ್ಷಕ್ಕೂ ಒಂದು ಗಡಿಯಾರವಿತ್ತು. ನೈಋತ್ಯ ಮುಂಗಾರು ಆರಂಭವಾದರೆ ಹೊರಕಡಲಿನ ಸಂಚಾರ ನಿಲ್ಲುತ್ತಿತ್ತು. ಶ್ರಾವಣದ ನೂಲ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆ ಹೊಸ ಋತು. ಹುಣ್ಣಿಮೆಯ ಆಚರಣೆಯ ಒಳಗೆ ಹವಾಮಾನದ ತಿಳಿವಳಿಕೆ ಅಡಗಿತ್ತು.

ಗಾಳ ಮತ್ತು ಬಲೆ

ಬಲೆಯ ಮೀನುಗಾರಿಕೆಗೆ ಹೋಲಿಸಿದರೆ ಗಾಳದ ಮೀನುಗಾರಿಕೆ ಸದಾ ಸಣ್ಣದು. ಈ ಕರಾವಳಿಯ ಪ್ರಸಿದ್ಧ ರಂಪಣಿ ಬಲೆಯನ್ನು ದೋಣಿಯಲ್ಲಿ ಒಯ್ದು ಕಡಲಿನಲ್ಲಿ ಅರ್ಧವೃತ್ತವಾಗಿ ಹಾಸಿ, ಎರಡೂ ತುದಿಗಳನ್ನು ದಂಡೆಯಿಂದ ಎಳೆಯುತ್ತಿದ್ದರು. ಎಳೆಯಲು ನೂರರ ಆಸುಪಾಸು ಜನ ಬೇಕು. ಬಂಗಡೆ, ತಾರಲಿ ಹಿಂಡುಗಳು ಬಂದಾಗ ಊರಿಗೆ ಊರೇ ದಂಡೆಯಲ್ಲಿರುತ್ತಿತ್ತು. ಗಾಳದ ದೋಣಿಗಾದರೋ ಇಬ್ಬರಿಂದ ನಾಲ್ವರು ಸಾಕು. ಇಸ್ವಾಣ, ಮುರು, ಕುರುಡಿಯಂಥ ದೊಡ್ಡ ಮೀನುಗಳನ್ನು ಒಂದೊಂದಾಗಿ ಹಿಡಿಯುವುದು ಅದರ ಕೆಲಸ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಯಂಥ ಬಂಡೆಯ ದ್ವೀಪಗಳ ಸುತ್ತ ಬಲೆ ಹರಿದುಹೋಗುತ್ತದೆ, ಗಾಳ ಮಾತ್ರ ನಡೆಯುತ್ತದೆ.

ಬಂದ ಮೀನನ್ನು ಪಾಲು ಹಾಕುತ್ತಿದ್ದರು. ದೋಣಿಗೊಂದು ಪಾಲು, ಹೋದವರಿಗೆ ಒಂದೊಂದು ಪಾಲು. ಈ ಪದ್ಧತಿಯ ಪರಿಣಾಮವನ್ನು ಯೋಚಿಸಿ ನೋಡಿ. ಜನ ಹೆಚ್ಚಾದಷ್ಟೂ ಪ್ರತಿಯೊಬ್ಬನ ಪಾಲು ಕಡಿಮೆಯಾಗುತ್ತದೆ. ಆದ್ದರಿಂದ ಕೆಲಸಕ್ಕೆ ಬೇಕಾದ್ದಕ್ಕಿಂತ ಒಬ್ಬನೇ ಒಬ್ಬ ಹೆಚ್ಚಾಗಿ ದೋಣಿ ಹತ್ತುತ್ತಿರಲಿಲ್ಲ. ಹಿಡಿತ ಹಂಚುವ ನಿಯಮವೇ ದೋಣಿಯ ತೂಕದ ನಿಯಮವೂ ಆಗಿತ್ತು. ಇಂದಿನ ಹವ್ಯಾಸಿ ಪ್ರವಾಸದಲ್ಲಿ ಲೆಕ್ಕ ತಿರುವುಮುರುವಾಗಿದೆ. ದೋಣಿಯ ಬಾಡಿಗೆಯನ್ನು ಹಂಚಿಕೊಳ್ಳಬೇಕಾದ್ದರಿಂದ ಜನ ಹೆಚ್ಚಾದಷ್ಟೂ ಪ್ರತಿಯೊಬ್ಬನಿಗೂ ಅಗ್ಗ!

ಹಿಡಿದ ಮೀನು ಘಟ್ಟ ಹತ್ತಬೇಕಾದರೆ ಉಪ್ಪು ಬೇಕು. ಬ್ರಿಟಿಷರ ಕಾಲದಲ್ಲಿ ಉಪ್ಪಿನ ಮೇಲೆ ಭಾರೀ ತೆರಿಗೆಯಿತ್ತು. ಬಡ ಮೀನುಗಾರನಿಗೆ ಮೀನಿಗಿಂತ ಉಪ್ಪೇ ತುಟ್ಟಿ. ಭಾರತದ ಮೀನುಗಳ ಬಗ್ಗೆ ಬೃಹದ್ಗ್ರಂಥ ರಚಿಸಿದ ಫ್ರಾನ್ಸಿಸ್ ಡೇ ಇದನ್ನು ಸರ್ಕಾರದ ಗಮನಕ್ಕೆ ತಂದವರಲ್ಲಿ ಒಬ್ಬರು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಪಶ್ಚಿಮ ಕರಾವಳಿಯಲ್ಲಿ ಮೀನು ಉಪ್ಪುಹಾಕುವ ಅಂಗಳಗಳು ತೆರೆದು, ಅಲ್ಲಿ ಕಡಿಮೆ ಬೆಲೆಗೆ ಉಪ್ಪು ಸಿಗುವಂತಾಯಿತು. ಶಿರಸಿ, ಯಲ್ಲಾಪುರದ ಸಂತೆಗಳಲ್ಲಿ ಮಳೆಗಾಲಕ್ಕೆ ಮುನ್ನ ಒಣಮೀನು ಕೊಳ್ಳುವ ರೂಢಿಯ ಹಿಂದೆ ಈ ತೆರಿಗೆಯ ಚರಿತ್ರೆಯೂ ಇದೆ.

ಹವ್ಯಾಸ ಹುಟ್ಟಿದ ಬಗೆ

ಹೊಟ್ಟೆಪಾಡಿಗಲ್ಲದೆ ಸಂತೋಷಕ್ಕಾಗಿ ಗಾಳ ಹಾಕುವುದು ನಮ್ಮ ಹೊಳೆಗಳಲ್ಲಿ ಹಳೆಯದು. ಮಲೆನಾಡಿನ ಮಕ್ಕಳಿಗೆ ಬಿದಿರಿನ ಗಾಳದ ಕೋಲು ಗೊತ್ತಿಲ್ಲದ್ದಲ್ಲ. ಆದರೆ ಈ ಹವ್ಯಾಸವನ್ನು ಶಾಸ್ತ್ರದಂತೆ ಬರೆದಿಟ್ಟ ಪುಸ್ತಕವೊಂದು ನಮ್ಮ ಕರಾವಳಿಯಲ್ಲೇ ಅಚ್ಚಾಯಿತು ಎಂಬುದು ಅನೇಕರಿಗೆ ತಿಳಿಯದು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಿಂದ ಪ್ರಕಟವಾಯಿತು. ಪಶ್ಚಿಮಕ್ಕೆ ಹರಿಯುವ ನದಿಗಳ ಮಹಶೀರ್ ಅದರ ಮುಖ್ಯ ವಿಷಯವಾದರೂ ಅಳಿವೆಗಳಲ್ಲಿ ಗಾಳ ಹಾಕುವ ಕ್ರಮವನ್ನೂ ಥಾಮಸ್ ವಿವರಿಸಿದ್ದಾರೆ. ನದಿಗಳಲ್ಲಿ ವಿಷ ಹಾಕಿ, ಮರಿಗಳನ್ನೂ ಬಿಡದೆ ಹಿಡಿಯುವುದನ್ನು ಅವರು ವಿರೋಧಿಸುತ್ತಿದ್ದರು.

ಕಡಲಿನ ಗಾಳ ಸಂಘಟಿತ ಹವ್ಯಾಸವಾದದ್ದು ಇನ್ನೂ ಈಚೆಗೆ. ಇಂಗ್ಲೆಂಡಿನಲ್ಲಿ ಕಡಲ ಗಾಳಗಾರರ ಸಂಘ 1893ರಲ್ಲಿ ಹುಟ್ಟಿತು. ಕ್ಯಾಲಿಫೋರ್ನಿಯದ ಕ್ಯಾಟಲಿನಾ ದ್ವೀಪದಲ್ಲಿ 1898ರಲ್ಲಿ ಟ್ಯೂನಾ ಕ್ಲಬ್ ಆರಂಭವಾಗಿ, ಸಣ್ಣ ದೋಣಿಯಿಂದ ಕೋಲು ಮತ್ತು ತೆಳು ದಾರದಲ್ಲೇ ದೊಡ್ಡ ಮೀನು ಹಿಡಿಯುವ ನಿಯಮಗಳನ್ನು ಮಾಡಿಕೊಂಡಿತು. ಅಷ್ಟರಲ್ಲಿ ನಾರ್ವೆಯ ಮುಸ್ತಾಡ್ ಕಂಪನಿ ಗಾಳದ ಕೊಕ್ಕೆಗಳನ್ನು ಯಂತ್ರದಿಂದ ಮಾಡತೊಡಗಿ, ಕೊಕ್ಕೆ ಜಗತ್ತಿನಾದ್ಯಂತ ಅಗ್ಗವಾಗಿತ್ತು.

ಉತ್ತರ ಕನ್ನಡದಲ್ಲಿ ಗೆಳೆಯರ ದೋಣಿವಿಹಾರಕ್ಕೆ ಪ್ರಸಿದ್ಧ ಸಾಕ್ಷಿ ರವೀಂದ್ರನಾಥ ಠಾಕೂರರದು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ ಅಲ್ಲಿಗೆ ಬಂದಿದ್ದ ಅವರು ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿಯೇರಿ ಹೋದದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಹಿಂದಿರುಗುವಾಗ ಆ ಗುಂಪು ನದಿಯ ಬಾಯಲ್ಲಿ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿತು.

ಎಂಜಿನ್ ಬಂದ ಮೇಲೆ

1956ರಲ್ಲಿ ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಕೇರಳದ ಕೊಲ್ಲಂ ಬಳಿ 1953ರಲ್ಲಿ ಆರಂಭವಾದ ಇಂಡೋ–ನಾರ್ವೇಜಿಯನ್ ಯೋಜನೆ 1960ರ ದಶಕದಲ್ಲಿ ಕಾರವಾರಕ್ಕೂ ಬಂತು. ಯಾಂತ್ರೀಕೃತ ದೋಣಿಗಳು, ನೈಲಾನ್ ಬಲೆಗಳು, ಮಂಜುಗಡ್ಡೆ ಕಾರ್ಖಾನೆಗಳು ಹೆಚ್ಚಿದವು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬಲೆ ಕರ್ನಾಟಕದ ಕಡಲಿಗೆ ಇಳಿಯಿತು. ಅದು ಮೀನಿನ ಹಿಂಡನ್ನು ದಂಡೆಗೆ ಬರುವ ಮೊದಲೇ ಸುತ್ತುವರಿದು ಎತ್ತುತ್ತದೆ. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗುಂಪಾಯಿತು, ಅದನ್ನು ನಂಬಿದವರು ಕಂಗಾಲಾದರು, ಘರ್ಷಣೆಗಳಾದವು. 1986ರಲ್ಲಿ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾನೂನು ಬಂದು, ಕಡಲಿಗಿಳಿಯುವ ಮೀನುಗಾರಿಕೆ ದೋಣಿಗಳ ನೋಂದಣಿ ಮತ್ತು ಪರವಾನಗಿ ಕಡ್ಡಾಯವಾಯಿತು.

ಇದೇ ಹೊತ್ತಿಗೆ ಘಟ್ಟದ ಮೇಲೆ ಇನ್ನೊಂದು ಬದಲಾವಣೆ ನಡೆದಿತ್ತು. 1980ರಲ್ಲಿ ಕೇಂದ್ರದ ಅರಣ್ಯ ಸಂರಕ್ಷಣಾ ಕಾನೂನು ಜಾರಿಗೆ ಬಂತು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಡಿತ ನಿಲ್ಲಿಸಿದರು. ಅಪ್ಪಿಕೋ ಚಳವಳಿ ಹುಟ್ಟಿತು. ಕಾರ್ಖಾನೆಗಳಿಗೆ ಹೋಗುತ್ತಿದ್ದ ಮರಕ್ಕೆ ಹೋಲಿಸಿದರೆ ದೋಣಿಗೆ ಬೇಕಾದ ಮರ ಅತ್ಯಲ್ಪ. ಆದರೂ ದೊಡ್ಡ ದಿಮ್ಮಿ ಸಿಗುವುದು ಎಲ್ಲರಿಗೂ ಕಷ್ಟವಾಯಿತು. ಆ ಜಾಗಕ್ಕೆ ಗಾಜಿನ ನಾರು ಮತ್ತು ರಾಳ ಸೇರಿಸಿ ಅಚ್ಚಿನಲ್ಲಿ ಎರೆದ ಫೈಬರ್ ದೋಣಿ ಬಂತು. ಅದು ಹಗುರ, ಕೊಳೆಯುವುದಿಲ್ಲ, ಹುಳು ಕೊರೆಯುವುದಿಲ್ಲ. ಅದರ ಹಿಂಬದಿಗೆ ಸೀಮೆಎಣ್ಣೆಯ ಅಥವಾ ಪೆಟ್ರೋಲಿನ ಹೊರ ಎಂಜಿನ್ ತಗುಲಿಸಿದರೆ ಗಾಳಿಯ ಹಂಗಿಲ್ಲ.

ಗಾಳಿಯ ಹಂಗು ಹೋದದ್ದರ ಜತೆಗೇ ಗಾಳಿಯ ಗಡಿಯಾರವೂ ಹೋಯಿತು. ಮೀನುಗಾರ ಸಮುದಾಯಗಳಲ್ಲಿ ಆ ಗಡಿಯಾರ ಅನುಭವದ ರೂಪದಲ್ಲಿ ಉಳಿದಿದೆ. ತಂದೆಯಿಂದ ಮಗ ಕಲಿತದ್ದು ಎಂಜಿನ್ ಬಂದ ಮಾತ್ರಕ್ಕೆ ಮರೆತುಹೋಗದು. ಆದರೆ ರಜೆಯ ದಿನ ಘಟ್ಟ ಇಳಿದು ಬರುವ ಹವ್ಯಾಸಿಗೆ ಅದು ಎಂದೂ ಸಿಕ್ಕಿರಲಿಲ್ಲ. ಆತನಿಗೆ ಇರುವುದು ಕೈಗಡಿಯಾರ ಮಾತ್ರ. ಅದು ಸೋಮವಾರ ಕೆಲಸಕ್ಕೆ ಹೋಗಬೇಕೆಂಬುದನ್ನು ಹೇಳುತ್ತದೆ, ಅಳಿವೆಯಲ್ಲಿ ಇಳಿತ ಶುರುವಾಗಿದೆ ಎಂಬುದನ್ನು ಹೇಳುವುದಿಲ್ಲ.

ಅಳಿವೆಯ ಬಾಯಿ

ಸಣ್ಣ ದೋಣಿಗೆ ಆಳದ ಕಡಲಿಗಿಂತ ಅಳಿವೆಯೇ ಹೆಚ್ಚು ಅಪಾಯಕಾರಿ. ಇದಕ್ಕೆ ಕಾರಣ ಸರಳ ಭೌತಶಾಸ್ತ್ರ. ದೂರದ ಬಿರುಗಾಳಿಯಿಂದ ಹುಟ್ಟಿ ಬರುವ, 12 ಸೆಕೆಂಡಿಗೊಮ್ಮೆ ಏಳುವ ತೆರೆಯನ್ನು ತೆಗೆದುಕೊಳ್ಳಿ. ಆಳದ ನೀರಿನಲ್ಲಿ ಅದರ ಎರಡು ತುದಿಗಳ ನಡುವಿನ ಅಂತರ ಸುಮಾರು 225 ಮೀಟರು. ಅದು ಅಷ್ಟು ಉದ್ದವಾಗಿರುವುದರಿಂದ ದೋಣಿಯಲ್ಲಿ ಕುಳಿತವನಿಗೆ ಅದರ ಇರವೇ ತಿಳಿಯದು. ಅದೇ ತೆರೆ 2 ಮೀಟರು ಆಳದ ಮರಳ ದಿಬ್ಬಕ್ಕೆ ಬಂದಾಗ ವೇಗ ಕಳೆದುಕೊಂಡು ಸುಮಾರು 53 ಮೀಟರಿಗೆ ಕುಗ್ಗುತ್ತದೆ. ಹಿಂದಿನಿಂದ ಮುಂದಕ್ಕೆ ಒತ್ತಿಕೊಂಡ ಶಕ್ತಿ ಮೇಲಕ್ಕೆ ಏಳಲೇಬೇಕು. ತೆರೆಯ ಎತ್ತರ ನೀರಿನ ಆಳದ ಮುಕ್ಕಾಲು ಭಾಗವನ್ನು ಸ್ವಲ್ಪ ಮೀರಿದರೆ ಅದು ಒಡೆದು ಬೀಳುತ್ತದೆ. ಅಂದರೆ ಒಂದು ಮೀಟರು ಎತ್ತರದ ತೆರೆ ಸುಮಾರು 1.3 ಮೀಟರು ಆಳದಲ್ಲಿ ಒಡೆಯುತ್ತದೆ.

ಇಳಿತದ ಹೊತ್ತಿನಲ್ಲಿ ನದಿಯ ನೀರೂ ಸೇರಿ ಹೊರಕ್ಕೆ ನುಗ್ಗುತ್ತಿರುತ್ತದೆ. ಒಳಬರುವ ತೆರೆಗೆ ಅದು ಎದುರಾಗಿ ತೆರೆಯನ್ನು ಇನ್ನಷ್ಟು ಗಿಡ್ಡ ಮತ್ತು ಕಡಿದಾಗಿ ಮಾಡುತ್ತದೆ. ಆಳವೂ ಆಗ ಕಡಿಮೆ. ಬೆಳಿಗ್ಗೆ ಉಬ್ಬರದಲ್ಲಿ ಕೊಳದಂತಿದ್ದ ಅಳಿವೆ ಮಧ್ಯಾಹ್ನದ ಇಳಿತದಲ್ಲಿ, ಕಡಲಗಾಳಿ ಎದ್ದ ಹೊತ್ತಿನಲ್ಲಿ, ಬೇರೆಯೇ ಜಾಗವಾಗಿರುತ್ತದೆ. ಉಬ್ಬರವಿಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ಕಳೆದ ಭಾನುವಾರದ ಅನುಭವ ಈ ಭಾನುವಾರಕ್ಕೆ ಒದಗದು. ಮರಳ ದಿಬ್ಬವೂ ಸ್ಥಿರವಲ್ಲ. ಹೊನ್ನಾವರದಲ್ಲಿ ಶರಾವತಿಯ ಅಳಿವೆ ಹೂಳಿನಿಂದ ಮೀನುಗಾರರನ್ನು ಬಹಳ ಕಾಲದಿಂದ ಕಾಡುತ್ತಿದೆ.

ಇನ್ನು ತೂಕದ ಮಾತು. 6 ಮೀಟರು ಉದ್ದದ, ನೀರಿನ ಮಟ್ಟದಲ್ಲಿ ಸುಮಾರು 5 ಚದರ ಮೀಟರು ವಿಸ್ತಾರವಿರುವ ದೋಣಿಯೊಂದಿದೆ ಎನ್ನಿ. 70 ಕಿಲೋ ತೂಕದ ಒಬ್ಬ ಹತ್ತಿದರೆ ಅದು ಸುಮಾರು 1.4 ಸೆಂಟಿಮೀಟರು ಕೆಳಗಿಳಿಯುತ್ತದೆ. ಅತ್ಯಲ್ಪ ಎನಿಸಬಹುದು. ಎಂಟು ಜನ ಹತ್ತಿದರೆ 11 ಸೆಂಟಿಮೀಟರು. ಮಂಜುಗಡ್ಡೆಯ ಪೆಟ್ಟಿಗೆ, ಇಂಧನ, ಚೀಲಗಳನ್ನು ಸೇರಿಸಿದರೆ ಇನ್ನೂ ಹೆಚ್ಚು. ಸಣ್ಣ ದೋಣಿಯ ಅಂಚು ನೀರಿನಿಂದ ಮೇಲಿರುವುದೇ ಕೆಲವು ಗೇಣು. ಒಂದು ತೆರೆ ಒಳಗೆ ಬಿದ್ದರೆ ಆ ನೀರು ದೋಣಿ ವಾಲಿದ ಕಡೆಗೇ ಓಡಿ ಅದನ್ನು ಇನ್ನಷ್ಟು ವಾಲಿಸುತ್ತದೆ. ಮೀನು ಸಿಕ್ಕಿತೆಂದು ಎಲ್ಲರೂ ಒಂದೇ ಪಕ್ಕಕ್ಕೆ ಎದ್ದು ನಿಂತರೂ ಅಷ್ಟೇ. ಫೈಬರ್ ದೋಣಿಗೆ ಉಲ್ಲಂಡಿಯಿಲ್ಲ ಎಂಬುದನ್ನು ನೆನಪಿಡಿ.

2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ಪ್ರಾಣ ಕಳೆದುಕೊಂಡರು. ಅದರಲ್ಲಿ 30ಕ್ಕೂ ಹೆಚ್ಚು ಜನರಿದ್ದರು. ಅದು ಗಾಳದ ಪ್ರವಾಸವಲ್ಲ. ಆದರೆ ಸಣ್ಣ ದೋಣಿಗೆ ಹತ್ತುವವರ ಉದ್ದೇಶ ಯಾವುದು ಎಂಬುದನ್ನು ತೆರೆ ವಿಚಾರಿಸುವುದಿಲ್ಲ.

ಹೊಸ ಗಡಿಯಾರ

ಕಳೆದುಹೋದ ಗಾಳಿಯ ಗಡಿಯಾರಕ್ಕೆ ಬದಲಾಗಿ ವಿಜ್ಞಾನ ಈಗ ಬೇರೊಂದನ್ನು ಕೊಟ್ಟಿದೆ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯ್ಸ್, 1999ರಲ್ಲಿ ಸ್ಥಾಪನೆಯಾದದ್ದು. ಅದು ತೆರೆಯ ಎತ್ತರ, ಗಾಳಿ, ಪ್ರವಾಹಗಳ ಮುನ್ಸೂಚನೆ ನೀಡುತ್ತದೆ. 2020ರಲ್ಲಿ ಅದು ಸಣ್ಣ ದೋಣಿಗಳಿಗೆಂದೇ ಒಂದು ಸಲಹಾ ಸೇವೆ ಆರಂಭಿಸಿತು. 7 ಮೀಟರುವರೆಗಿನ ಅಗಲದ ದೋಣಿಗಳಿಗೆ, ತೆರೆಯ ಎತ್ತರದ ಜತೆ ಅದು ಎಷ್ಟು ಕಡಿದಾಗಿದೆ, ಎಷ್ಟು ದಿಕ್ಕುಗಳಿಂದ ಬರುತ್ತಿದೆ, ಎಷ್ಟು ಬೇಗ ಏರುತ್ತಿದೆ ಎಂಬುದನ್ನೂ ಲೆಕ್ಕ ಹಾಕಿ ಮಗುಚುವ ಅಪಾಯವಿರುವ ವಲಯಗಳನ್ನು ಮುಂಚಿತವಾಗಿ ತಿಳಿಸಲಾಗುತ್ತದೆ. ಹಳೆಯ ಮೀನುಗಾರ ಕಣ್ಣಳತೆಯಲ್ಲಿ ಅಳೆಯುತ್ತಿದ್ದ ಸಂಗತಿಗಳೇ ಇವು.

ನೀವು ಗೆಳೆಯರ ಜತೆ ಹೊರಡುವುದಾದರೆ ಕೆಲವು ಮಾತುಗಳನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ದೋಣಿ ನೋಂದಣಿಯಾಗಿದೆಯೇ, ನಡೆಸುವವನು ಆ ಅಳಿವೆಯನ್ನು ಬಲ್ಲವನೇ ಎಂದು ವಿಚಾರಿಸಿ. ಮುನ್ಸೂಚನೆಯನ್ನೂ ಇಳಿತದ ಹೊತ್ತನ್ನೂ ಹಿಂದಿನ ರಾತ್ರಿಯೇ ನೋಡಿ. ಜೀವರಕ್ಷಕ ಜಾಕೆಟ್ ದೋಣಿಯಲ್ಲಿದ್ದರೆ ಸಾಲದು, ಮೈಮೇಲಿರಬೇಕು. ಹಿಂದಿರುಗುವ ಹೊತ್ತನ್ನು ದಂಡೆಯಲ್ಲಿ ಒಬ್ಬರಿಗೆ ಹೇಳಿಟ್ಟು, ಮೀನು ಕಚ್ಚುತ್ತಿದ್ದರೂ ಆ ಹೊತ್ತಿಗೆ ಹೊರಡಿ. ದೋಣಿಯವನು ಬೇಡವೆಂದ ದಿನ ಬೇಡ. ಕಡಲಿನಲ್ಲಿ ತೊಂದರೆಯಾದರೆ ಕರಾವಳಿ ರಕ್ಷಣಾ ಪಡೆಯ ಸಹಾಯವಾಣಿ 1554. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಇದರಿಂದ ವಿನಾಯಿತಿ ಇದೆ. ಅದು ಸಾಂಪ್ರದಾಯಿಕ ಮೀನುಗಾರರ ಜೀವನೋಪಾಯಕ್ಕಾಗಿ ಕೊಟ್ಟದ್ದೇ ಹೊರತು, ಮುಂಗಾರಿನ ಕಡಲು ಸುರಕ್ಷಿತ ಎಂಬ ಪ್ರಮಾಣಪತ್ರವಲ್ಲ. ಕಾರವಾರದ ಬಳಿ 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆಯ ಸುತ್ತಲಿನ ನಿಷೇಧಿತ ನೀರಿಗೆ ಹೋಗಬಾರದು. ವನ್ಯಜೀವಿ ಕಾನೂನಿನಡಿ ರಕ್ಷಿತವಾದ ತಿಮಿಂಗಿಲ ಶಾರ್ಕ್, ದೈತ್ಯ ಮುರುವಿನಂಥ ಮೀನುಗಳು ಗಾಳಕ್ಕೆ ಸಿಕ್ಕರೆ ಬಿಟ್ಟುಬಿಡಬೇಕು.

ಹೊಳೆಯ ತಲೆ, ಕಡಲಿನ ಬಾಯಿ

ಘಟ್ಟದ ಮೇಲಿನವರಿಗೆ ಇನ್ನೂ ಒಂದು ಹೊಣೆಯಿದೆ. ಅಳಿವೆಗಳ ಮೀನು ಸಿಹಿನೀರು ಮತ್ತು ಉಪ್ಪುನೀರಿನ ಹದವಾದ ಬೆರಕೆಯನ್ನು ಅವಲಂಬಿಸಿದೆ. ಶಿರಸಿಯ ಸುತ್ತ ಹುಟ್ಟಿ, ಸಿದ್ದಾಪುರದ ಉಂಚಳ್ಳಿಯಲ್ಲಿ ಧುಮುಕಿ, ಕುಮಟೆಯ ತದಡಿಯಲ್ಲಿ ಕಡಲು ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟುಗಳಿಲ್ಲ. ಅದರ ಅಳಿವೆಯ ಚಿಪ್ಪು ಮತ್ತು ಮೀನಿನ ಸಮೃದ್ಧಿ ಪ್ರಸಿದ್ಧ. 2024ರ ಜನವರಿಯಲ್ಲಿ ಅದನ್ನು ರಾಮ್ಸರ್ ತಾಣವೆಂದು ಘೋಷಿಸಲಾಯಿತು. ಪಕ್ಕದ ಶರಾವತಿಯಲ್ಲಿ ವಿದ್ಯುದಾಗಾರಗಳಿಂದ ವರ್ಷವಿಡೀ ಹರಿದು ಬರುವ ಸಿಹಿನೀರು ಅಳಿವೆಯ ಉಪ್ಪಿನಂಶವನ್ನು ತಗ್ಗಿಸಿತು. ಉಪ್ಪುನೀರನ್ನು ಬಯಸುವ ಚಿಪ್ಪುಗಳು ಅಲ್ಲಿ ಕ್ಷೀಣಿಸಿದವು. ಬೇಡ್ತಿ ಯಲ್ಲಾಪುರದ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಕಡಲು ಸೇರುತ್ತದೆ. ಮೇಲೆ ಕಾಡು ಬೋಳಾದರೆ ಹರಿದು ಬರುವ ಮಣ್ಣು ಕೆಳಗೆ ಅಳಿವೆಯ ಹೂಳಾಗುತ್ತದೆ. ಆ ಹೂಳಿನ ದಿಬ್ಬದ ಮೇಲೆಯೇ ತೆರೆ ಒಡೆಯುವುದು.

ಮುಂದಿನ ಸಲ ದೇವಿಮನೆ ಘಟ್ಟ ಇಳಿಯುವಾಗ ರಸ್ತೆಯ ಪಕ್ಕದ ದೊಡ್ಡ ಮರಗಳನ್ನು ನೋಡಿ. ಅಂಥವು ಒಂದು ಕಾಲಕ್ಕೆ ದೋಣಿಗಳಾಗಿ ಇದೇ ದಾರಿಯಲ್ಲಿ ಇಳಿದವು. ಈಗ ಅವು ನಿಂತಲ್ಲೇ ನಿಂತು, ಮಣ್ಣನ್ನು ಹಿಡಿದು, ನಿಮ್ಮ ದೋಣಿಗೆ ದಾರಿ ಕಾಯುತ್ತಿವೆ. ಕೆಳಗೆ ತಲುಪಿದ ಮೇಲೆ ದೋಣಿಯವನನ್ನು ಕೇಳಬೇಕಾದ ಮೊದಲ ಪ್ರಶ್ನೆ ಯಾವ ಮೀನು ಸಿಗುತ್ತದೆ ಎಂಬುದಲ್ಲ. ಇಂದು ಅಳಿವೆಯಲ್ಲಿ ಇಳಿತ ಎಷ್ಟು ಹೊತ್ತಿಗೆ ಎಂಬುದು.